ಸಭಾಮಂದಿರ ಯಾರದು? – ವಿಲಿಯಂ ಏಪೆಸ್‌ರ ಮ್ಯಾಶ್‌ಪೀ ಗ್ರಂಥದ ವಿಮರ್ಶೆ

ವಿಲಿಯಂ ಏಪೆಸ್ ಎಂಬ ಮೆಥಡಿಸ್ಟ್ ಪ್ರಬೋಧಕರು 1835ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರ ಶೀರ್ಷಿಕೆ ಬಲು ಉದ್ದ. ವಿದ್ವಾಂಸರು ಅದನ್ನು ‘ಇಂಡಿಯನ್ ನಲಿಫಿಕೇಶನ್’ ಎಂದು ಚಿಕ್ಕದಾಗಿ ಕರೆಯುತ್ತಾರೆ. ಮ್ಯಾಸಚೂಸೆಟ್ಸ್ ರಾಜ್ಯವು ಮ್ಯಾಶ್‌ಪೀ ಬುಡಕಟ್ಟಿನ ಮೇಲೆ ಹೇರಿದ್ದ ಸಂವಿಧಾನವಿರೋಧಿ ಕಾನೂನುಗಳನ್ನು ಇಂಡಿಯನ್ನರೇ ರದ್ದುಗೊಳಿಸಿದ ಬಗೆ, ಹಾಗೂ ದಂಗೆಯೆಂದು ಹುಯಿಲೆಬ್ಬಿಸಲಾದ ಘಟನೆಯ ನಿಜಸ್ಥಿತಿ, ಇವು ಆ ಶೀರ್ಷಿಕೆಯ ತಾತ್ಪರ್ಯ. ‘ನಲಿಫಿಕೇಶನ್’ ಎಂಬ ಪದ ಆಗ ಎಲ್ಲರ ಬಾಯಲ್ಲೂ ಇತ್ತು. 1832ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯವು ಒಕ್ಕೂಟ ಸರ್ಕಾರದ ಸುಂಕದ ಕಾನೂನು ತನಗೆ ಅನ್ವಯಿಸದೆಂದು ಸಾರಿ ಇಡೀ ದೇಶವನ್ನು ಅಲ್ಲಾಡಿಸಿತ್ತು. ಗುಲಾಮರನ್ನಿಟ್ಟುಕೊಂಡ ಶ್ರೀಮಂತರ ಆ ಪದವನ್ನು ಮೂರುನೂರು ಮಂದಿಯ ಬಡ ಕ್ರೈಸ್ತ ಸಮುದಾಯವೊಂದಕ್ಕೆ ಅಂಟಿಸಿದ್ದರಲ್ಲಿಯೇ ಏಪೆಸ್‌ರ ವ್ಯಂಗ್ಯ ಎದ್ದುಕಾಣುತ್ತದೆ.

ಇಲ್ಲಿ ‘ಇಂಡಿಯನ್’ ಎಂದರೆ ಭಾರತೀಯನಲ್ಲ, ಅಮೆರಿಕದ ಮೂಲನಿವಾಸಿ ಎಂದು ಗುರುವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ತರಗತಿಗಳಲ್ಲಿ, ಕೆಲವೊಮ್ಮೆ ನಮ್ಮ ಪಠ್ಯಗಳಲ್ಲಿ ಸಹ, ‘ರೆಡ್ ಇಂಡಿಯನ್’ ಎಂಬ ಮಾತು ಇಂದಿಗೂ ನುಸುಳುತ್ತದೆ. ಜನರನ್ನು ಚರ್ಮದ ಬಣ್ಣದಿಂದ ಹೆಸರಿಸುವ ಆ ರೂಢಿಯನ್ನು ಬಿಟ್ಟುಬಿಡುವುದು ಲೇಸು. ನಾವು ಇಲ್ಲಿ ಮಾತನಾಡಲಿರುವ ಜನರಿಗೆ ಅವರದೇ ಹೆಸರಿದೆ: ವಾಂಪನೋಗ್, ಅಂದರೆ ಮೊದಲ ಬೆಳಕಿನ ನಾಡಿನವರು. ಅವರ ಒಂದು ಶಾಖೆ ಮ್ಯಾಶ್‌ಪೀ ಎಂಬ ಪುಟ್ಟ ಕರಾವಳಿ ಪಟ್ಟಣದಲ್ಲಿ ಇಂದಿಗೂ ನೆಲೆಸಿದೆ.

ಇಂಥ ಗ್ರಂಥವನ್ನು ದೈವಶಾಸ್ತ್ರದ ಪತ್ರಿಕೆಯಲ್ಲಿ ವಿಮರ್ಶಿಸಲು ಕಾರಣವಿದೆ. ಧರ್ಮಪ್ರಚಾರವನ್ನು ಕುರಿತು ನಾವು ಕಲಿಸುವ ಹೆಚ್ಚಿನ ಕೃತಿಗಳು ಕೊಟ್ಟವರ ಕಡೆಯಿಂದ ಬರೆದವು. ಸುವಾರ್ತೆಯನ್ನು ಹೇಗೆ ಒಯ್ದರು, ಯಾವ ಭಾಷೆಗೆ ತಂದರು, ಎಷ್ಟು ಮಂದಿಗೆ ಜ್ಞಾನಸ್ನಾನ ಕೊಟ್ಟರು ಎಂಬುದನ್ನೇ ಅವು ಹೇಳುತ್ತವೆ. ಏಪೆಸ್‌ರ ಕೃತಿ ಪಡೆದವರ ಕಡೆಯಿಂದ ಬಂದದ್ದು. ಸುವಾರ್ತೆಯನ್ನು ಸ್ವೀಕರಿಸಿ ಒಂದೂವರೆ ಶತಮಾನ ಕಳೆದ ಮೇಲೆ ಒಂದು ಜನಾಂಗವು ತನ್ನ ಸಭಾಪಾಲಕನನ್ನು ಎದುರಿಗೆ ನಿಲ್ಲಿಸಿ, ಈ ಮಂದಿರ ಯಾರದು, ನೀವು ಯಾರ ಪಾಲಕರು ಎಂದು ಕೇಳುತ್ತದೆ. ಗುರುಗಳಾಗಿರುವ, ಗುರುಗಳಾಗಲಿರುವ ಓದುಗರು ಈ ಪ್ರಶ್ನೆಯನ್ನು ದೂರದಲ್ಲಿ ನಿಂತು ಓದಲಾರರು. ನಾವಂತೂ ಓದಲಾರೆವು.

ಮೊದಲು ಹಿನ್ನೆಲೆ, ಚಿಕ್ಕದಾಗಿ. ಮ್ಯಾಶ್‌ಪೀ ಇರುವುದು ಅಟ್ಲಾಂಟಿಕ್ ಸಾಗರಕ್ಕೆ ಮಡಿಸಿದ ತೋಳಿನಂತೆ ಚಾಚಿರುವ ಕೇಪ್ ಕಾಡ್ ಭೂಶಿರದಲ್ಲಿ. ನೆರೆಯ ಸ್ಯಾಂಡ್‌ವಿಚ್ ಊರಿನ ರಿಚರ್ಡ್ ಬೋರ್ನ್ ಎಂಬ ವಸಾಹತುಗಾರರು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಇಲ್ಲಿಯ ವಾಂಪನೋಗರಿಗೆ ಕ್ರಿಸ್ತಧರ್ಮವನ್ನು ಬೋಧಿಸಿದರು. ಬೋರ್ನ್‌ರ ಹಿರಿಮೆ ಅವರ ಪ್ರಬೋಧನೆಗಳಿಗಿಂತ ಒಂದು ಕಾಗದಪತ್ರದಲ್ಲಿದೆ ಎಂದು ನಮ್ಮ ಅಭಿಮತ. 1665ರಲ್ಲಿ ಸ್ಥಳೀಯ ಮುಖಂಡರಿಬ್ಬರು ಮಾಡಿಕೊಟ್ಟ ಭೂಪತ್ರವು ಆ ನೆಲವನ್ನು ಜನರೆಲ್ಲರಿಗೂ ಸಾಮೂಹಿಕವಾಗಿ ಬಿಟ್ಟುಕೊಟ್ಟಿತು, ಎಲ್ಲರ ಒಪ್ಪಿಗೆಯಿಲ್ಲದೆ ಯಾರಿಗೂ ಮಾರಕೂಡದೆಂದು ವಿಧಿಸಿತು. 1685ರಲ್ಲಿ ಪ್ಲಿಮತ್ ವಸಾಹತಿನ ನ್ಯಾಯಸಭೆ ಅದನ್ನು ಸ್ಥಿರೀಕರಿಸಿತು. ಇಂದಿಗೂ ನಿಂತಿರುವ ಮರದ ಸಭಾಮಂದಿರವು 1684ರದೆಂದು ಊರಿನ ಪರಂಪರೆ ಹೇಳುತ್ತದೆ. ಭೂಪತ್ರ, ಮಂದಿರ ಎರಡೂ ಒಂದೇ ತಲೆಮಾರಿನಲ್ಲಿ ಹುಟ್ಟಿದವು. ನೆಲವನ್ನೂ ವಿಶ್ವಾಸವನ್ನೂ ಬೇರೆಬೇರೆಯಾಗಿ ನೋಡುವ ಅಭ್ಯಾಸ ಆ ಜನರಿಗೆ ಬಾರದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಮುಂದಿನ ಕಥೆ ಏರಿಳಿತದ್ದು. ಹೊರಗಿನವರ ಹತೋಟಿಯನ್ನು ಸಹಿಸದೆ ಮ್ಯಾಶ್‌ಪೀಯ ಶಾಲೋಪಾಧ್ಯಾಯ ರೂಬೆನ್ ಕಾಗ್ನೆಹ್ಯೂ 1760ರಲ್ಲಿ ಸಾಗರ ದಾಟಿ ಲಂಡನ್ನಿಗೆ ಹೋಗಿ ದೊರೆಗೆ ಮನವಿ ಸಲ್ಲಿಸಿದರು. ಅದರ ಫಲವಾಗಿ 1763ರಲ್ಲಿ ಸಮುದಾಯಕ್ಕೆ ತನ್ನ ಆಡಳಿತಗಾರರನ್ನು ತಾನೇ ಆರಿಸುವ ಹಕ್ಕು ದೊರೆಯಿತು. ವಿಚಿತ್ರವೆಂದರೆ, ಅರಸೊತ್ತಿಗೆ ಕೊಟ್ಟದ್ದನ್ನು ಗಣರಾಜ್ಯ ಕಿತ್ತುಕೊಂಡಿತು. ಸ್ವಾತಂತ್ರ್ಯಸಮರದಲ್ಲಿ ಮ್ಯಾಶ್‌ಪೀಯ ಗಂಡಸರು ಹೊಸ ದೇಶದ ಪರವಾಗಿ ಕಾದಿ ಮಡಿದ ಮೇಲೆ, 1788ರಲ್ಲಿ ರಾಜ್ಯವು ಅವರ ಮೇಲೆ ಬಿಳಿಯ ಮೇಲ್ವಿಚಾರಕರನ್ನು ಮರಳಿ ಹೇರಿತು. ಕಾಡಿನ ಕಟ್ಟಿಗೆಯನ್ನು ಯಾರಿಗೆ ಮಾರಬೇಕು, ಹುಲ್ಲುಗಾವಲನ್ನು ಯಾರಿಗೆ ಗೇಣಿಗೆ ಕೊಡಬೇಕು, ಯಾರ ಮಕ್ಕಳನ್ನು ಯಾರ ಮನೆಯ ದುಡಿಮೆಗೆ ಒಪ್ಪಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ಅವರೇ ಆದರು.

ಸಭಾಪಾಲಕರ ಕಥೆಯೂ ಇದಕ್ಕೆ ಸಮಾನಾಂತರವಾಗಿ ನಡೆದಿತ್ತು. 1716ರಲ್ಲಿ ತೀರಿಕೊಂಡ ಲಂಡನ್ನಿನ ಡೇನಿಯಲ್ ವಿಲಿಯಮ್ಸ್ ಎಂಬ ಧರ್ಮಬೋಧಕರು ಅಮೆರಿಕದ ಮೂಲನಿವಾಸಿಗಳಿಗೆ ಸುವಾರ್ತೆ ಸಾರುವುದಕ್ಕಾಗಿ ಒಂದು ದತ್ತಿಯನ್ನು ಬಿಟ್ಟುಹೋಗಿದ್ದರು. ಅದರ ನಿರ್ವಹಣೆ ಹಾರ್ವರ್ಡ್ ಕಾಲೇಜಿನ ಕೈಯಲ್ಲಿತ್ತು. 1811ರಿಂದ ಮ್ಯಾಶ್‌ಪೀಯ ಸಭಾಪಾಲಕರಾಗಿದ್ದ ಫಿನಿಯಸ್ ಫಿಶ್‌ರಿಗೆ ಸಂಬಳ ಬರುತ್ತಿದ್ದುದು ಈ ದತ್ತಿಯಿಂದ. ಸಾಲದೆಂಬಂತೆ ಸಮುದಾಯದ ನೆಲದಲ್ಲೇ ನೂರಾರು ಎಕರೆ ಕಾಡು ಪಾಲಕರ ಉಂಬಳಿಯಾಗಿತ್ತು. ಜನರ ಕಾಣಿಕೆಯನ್ನು ನೆಚ್ಚಬೇಕಾದ ಅಗತ್ಯವೇ ಇಲ್ಲದ ಪಾಲಕನಿಗೆ ಜನರೂ ಬೇಕಾಗಲಿಲ್ಲ. ಇದು ನಮ್ಮ ಮಾತು, ಏಪೆಸ್‌ರದಲ್ಲ. ಆದರೆ ಅವರ ಗ್ರಂಥದ ಮೊದಲ ಮಹತ್ವದ ದೃಶ್ಯ ಹೇಳುವುದು ಇದನ್ನೇ.

ಆ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಪೆಸ್‌ರು ಮ್ಯಾಶ್‌ಪೀಯವರಲ್ಲ, ವಾಂಪನೋಗರೂ ಅಲ್ಲ. ಅವರು ಪೀಕ್ವಾಟ್ ಜನಾಂಗದವರು, 1798ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಬಿಳಿಯರ ಮನೆಗಳಲ್ಲಿ ಜೀತಕ್ಕೆ ಬಿದ್ದು, 1812ರ ಯುದ್ಧದಲ್ಲಿ ಸೈನಿಕನಾಗಿದ್ದು, ಮುಂದೆ ಮೆಥಡಿಸ್ಟ್ ಸಭೆಯಲ್ಲಿ ವಿಶ್ವಾಸವನ್ನು ಕಂಡುಕೊಂಡವರು. ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ಅವರಿಗೆ ದೀಕ್ಷೆ ನೀಡಲು ಒಪ್ಪಲಿಲ್ಲ. ಪ್ರಾಟೆಸ್ಟೆಂಟ್ ಮೆಥಡಿಸ್ಟರು ನೀಡಿದರು. 1829ರಲ್ಲಿ ಅವರು ಪ್ರಕಟಿಸಿದ ಆತ್ಮಕಥೆ ‘ಎ ಸನ್ ಆಫ್ ದಿ ಫಾರೆಸ್ಟ್’ ಅಮೆರಿಕದ ಮೂಲನಿವಾಸಿಯೊಬ್ಬರು ತಾವೇ ಬರೆದು ಅಚ್ಚುಹಾಕಿಸಿದ ಮೊದಲ ಆತ್ಮಕಥೆಗಳಲ್ಲಿ ಒಂದು. ಸಂಚಾರಿ ಪ್ರಬೋಧಕರಾಗಿ ಅವರು 1833ರ ಮೇ ತಿಂಗಳಲ್ಲಿ ಮ್ಯಾಶ್‌ಪೀಗೆ ಬಂದರು. ಫಿಶ್‌ರು ಅವರನ್ನು ಸತ್ಕರಿಸಿ, ಭಾನುವಾರ ತಮ್ಮ ಸಭಾಮಂದಿರದಲ್ಲಿ ಪ್ರಬೋಧನೆ ಮಾಡಲು ಆಹ್ವಾನಿಸಿದರು. ಇಂಡಿಯನ್ನರ ಸಭೆಯನ್ನು ಕಾಣುವ ಹಂಬಲದಿಂದ ಪ್ರಬೋಧನಾಪೀಠದಲ್ಲಿ ನಿಂತ ಏಪೆಸ್‌ರಿಗೆ ಕಂಡದ್ದು ಸಾಲುಸಾಲಾಗಿ ಕುಳಿತ ಬಿಳಿಯ ಮುಖಗಳು. ತನ್ನ ಬಂಧುಗಳು ಇದ್ದಕ್ಕಿದ್ದಂತೆ ಬಿಳಿಚಿಹೋದರೇನೋ ಎಂದು ಒಂದು ಕ್ಷಣ ಅನಿಸಿತೆಂದು ಅವರು ಚುಚ್ಚಿ ಬರೆಯುತ್ತಾರೆ. ಇಂಡಿಯನ್ನರ ಹೆಸರಿನ ದತ್ತಿಯಿಂದ ಸಂಬಳ, ಇಂಡಿಯನ್ನರ ಕಾಡಿನಿಂದ ಕಟ್ಟಿಗೆ, ಇಂಡಿಯನ್ನರ ಮಂದಿರದಲ್ಲಿ ಆರಾಧನೆ. ಇಲ್ಲದವರು ಇಂಡಿಯನ್ನರೊಬ್ಬರೇ.

ಏಪೆಸ್‌ರ ವಿಮರ್ಶಕರಲ್ಲಿ ಹಲವರು ಈ ಭಾಗವನ್ನು ಹಾಸ್ಯವೆಂದು ಮೆಚ್ಚಿ ಮುಂದೆ ಸಾಗುತ್ತಾರೆ. ನಮಗೆ ಇದು ಧರ್ಮಸಭೆಯನ್ನು ಕುರಿತ ವಿಚಾರಣೆಯ ಆರಂಭವೆಂದು ತೋರುತ್ತದೆ. ಫಿಶ್‌ರು ದುಷ್ಟರಲ್ಲ. ಸುಳ್ಳು ಬೋಧನೆ ಮಾಡಿದರೆಂಬ ಆರೋಪ ಅವರ ಮೇಲಿಲ್ಲ. ತಮ್ಮ ಪರಂಪರೆಯ ದೃಷ್ಟಿಯಿಂದ ಅವರು ಕ್ರಮಬದ್ಧವಾಗಿ ದೀಕ್ಷೆ ಪಡೆದವರು, ವಾರವಾರವೂ ತಪ್ಪದೆ ಆರಾಧನೆ ನಡೆಸಿದವರು. ದೀಕ್ಷೆ ಸರಿಯಿದೆ, ವಿಧಿ ಸರಿಯಿದೆ, ಬೋಧನೆ ಸರಿಯಿದೆ, ಲೆಕ್ಕವೂ ಸರಿಯಿದೆ. ಆದರೂ ಅಲ್ಲಿ ಧರ್ಮಸಭೆಯಿಲ್ಲ ಎಂಬುದು ಏಪೆಸ್‌ರ ತೀರ್ಪು. ಅವರು ತಾರ್ಕಿಕ ವಾದ ಹೂಡಿ ಈ ತೀರ್ಪಿಗೆ ಬರುವುದಿಲ್ಲ, ಕುಳಿತವರ ಮುಖ ನೋಡಿ ಬರುತ್ತಾರೆ. ಯೆಜೆಕಿಯೇಲನ ಮೂವತ್ತನಾಲ್ಕನೆಯ ಅಧ್ಯಾಯದಲ್ಲಿ ಪ್ರವಾದಿಯು ಕುರುಬರ ಮೇಲೆ ಹೊರಿಸುವ ಮೊದಲ ದೋಷ ಅಪಸಿದ್ಧಾಂತವಲ್ಲ. ಅವರು ಮಂದೆಯನ್ನು ಮೇಯಿಸದೆ ತಮ್ಮನ್ನೇ ಮೇಯಿಸಿಕೊಂಡರೆಂಬುದೇ ಅಲ್ಲಿಯ ದೂರು. ಈ ಅಧ್ಯಾಯವನ್ನು ಬೋಧಿಸುವಾಗ ನಾವು ಮನಸ್ಸಿನಲ್ಲಿ ದುರಾಚಾರಿ ಗುರುಗಳನ್ನು ಕಲ್ಪಿಸಿಕೊಳ್ಳುತ್ತೇವೆ. ಫಿಶ್‌ರಂಥ ಸಭ್ಯ, ಸುಶಿಕ್ಷಿತ, ಅತಿಥಿಸತ್ಕಾರಪರ ಪಾಲಕರನ್ನು ಅಲ್ಲಿಟ್ಟು ಓದಿದರೆ ಆ ಅಧ್ಯಾಯ ಇನ್ನಷ್ಟು ಹತ್ತಿರ ಬರುತ್ತದೆ.

ಮುಂದಿನ ಘಟನೆಗಳು ವೇಗವಾಗಿ ನಡೆದವು. ಮ್ಯಾಶ್‌ಪೀಯ ಜನರು ಏಪೆಸ್‌ರನ್ನು ತಮ್ಮ ಬುಡಕಟ್ಟಿಗೆ ದತ್ತು ತೆಗೆದುಕೊಂಡರು. ಮೇ 21ರಂದು ಸೇರಿದ ಸಭೆ ಮೂರು ಠರಾವುಗಳನ್ನು ಅಂಗೀಕರಿಸಿತು. ಎಲ್ಲರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟಿದವರೆಂದು ರಾಜ್ಯದ ಸಂವಿಧಾನವೇ ಒಪ್ಪಿರುವುದರಿಂದ ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕು ತಮಗಿದೆ ಎಂದಿತು. ಜುಲೈ 1ರ ನಂತರ ಯಾವ ಬಿಳಿಯನೂ ತಮ್ಮ ಕಾಡಿನಿಂದ ಕಟ್ಟಿಗೆಯನ್ನಾಗಲಿ ಹುಲ್ಲನ್ನಾಗಲಿ ಒಯ್ಯಕೂಡದು, ಈ ಠರಾವನ್ನು ತಾವು ಜಾರಿಗೆ ತರುವೆವು ಎಂದಿತು. ಹಾರ್ವರ್ಡ್ ಕಾಲೇಜಿಗೆ ಬೇರೆಯೇ ಪತ್ರ ಹೋಯಿತು: ಫಿಶ್‌ರು ತಮಗೆ ಬೇಡ, ಅವರನ್ನು ತಾವು ಕರೆಸಿಕೊಂಡವರಲ್ಲ ಎಂಬುದು ಅದರ ಸಾರ. ಜುಲೈ 1ರಂದು ಸ್ಯಾಂಪ್ಸನ್ ಸಹೋದರರು ಗಾಡಿಗೆ ಕಟ್ಟಿಗೆ ತುಂಬುತ್ತಿದ್ದಾಗ ಮ್ಯಾಶ್‌ಪೀಯ ಗಂಡಸರು ಅದನ್ನು ಕೆಳಗಿಳಿಸಿದರು. ಹೊಡೆದಾಟವಿಲ್ಲ, ಗಾಯವಿಲ್ಲ. ರಾಜ್ಯಪಾಲ ಲೆವಿ ಲಿಂಕನ್‌ರು ಸೈನ್ಯವನ್ನು ಕರೆಸುವ ಬೆದರಿಕೆ ಹಾಕಿದರು. ಏಪೆಸ್‌ರು ಬಂಧನಕ್ಕೊಳಗಾಗಿ, ಬಾರ್ನ್‌ಸ್ಟಬಲ್‌ನ ನ್ಯಾಯಾಲಯದಲ್ಲಿ ದಂಗೆಯ ಆರೋಪದ ಮೇಲೆ 30 ದಿನಗಳ ಸೆರೆವಾಸ ಅನುಭವಿಸಿದರು. ಆದರೆ ಬೆಂಜಮಿನ್ ಹ್ಯಾಲೆಟ್ ಎಂಬ ವಕೀಲರು ಜನರ ಪರ ನಿಂತರು, ಬಾಸ್ಟನ್ನಿನ ಪತ್ರಿಕೆಗಳಲ್ಲಿ ಕೆಲವು ದನಿಗೂಡಿಸಿದವು. 1834ರಲ್ಲಿ ಶಾಸನಸಭೆಯು ಮ್ಯಾಶ್‌ಪೀಗೆ ಸ್ವಯಮಾಡಳಿತದ ಜಿಲ್ಲೆಯ ಸ್ಥಾನ ನೀಡಿತು.

ಈ ಗೆಲುವಿನ ಬಿಸಿಯಲ್ಲೇ ಗ್ರಂಥ ಸಿದ್ಧವಾಯಿತು. ಅದರ ರಚನೆ ಇಂದಿನ ಓದುಗರಿಗೆ ತೊಡಕೆನಿಸೀತು. ಮನವಿಗಳು, ಠರಾವುಗಳು, ರಾಜ್ಯಪಾಲರ ಪತ್ರಗಳು, ವಿರೋಧಿಗಳು ಪತ್ರಿಕೆಗಳಲ್ಲಿ ಬರೆದ ನಿಂದೆಗಳು, ಸ್ನೇಹಿತರ ಉತ್ತರಗಳು ಇವೆಲ್ಲವನ್ನೂ ಒಂದರ ಪಕ್ಕ ಒಂದು ಜೋಡಿಸಿ, ನಡುನಡುವೆ ಏಪೆಸ್‌ರು ತಮ್ಮ ಮಾತು ಸೇರಿಸುತ್ತಾರೆ. ಇದು ಗ್ರಂಥವಲ್ಲ, ಕಡತ ಎಂದು ದೂರಿದವರಿದ್ದಾರೆ. ನಾವು ಒಪ್ಪುವುದಿಲ್ಲ. ತನ್ನನ್ನು ಬೈದವನ ಪತ್ರವನ್ನು ಇಡಿಯಾಗಿ ಅಚ್ಚುಮಾಡಿ, ಅದರ ಕೆಳಗೆ ನಾಲ್ಕು ಸಾಲು ಉತ್ತರ ಬರೆಯುವ ಲೇಖಕನಿಗೆ ಓದುಗರ ವಿವೇಕದಲ್ಲಿ ನಂಬಿಕೆಯಿರಬೇಕು. ಮೇಲಾಗಿ, ಅಲ್ಲಿಯವರೆಗೆ ಮ್ಯಾಶ್‌ಪೀಯನ್ನು ಕುರಿತ ದಾಖಲೆಗಳೆಲ್ಲ ಮೇಲ್ವಿಚಾರಕರ ಮತ್ತು ಸಭಾಪಾಲಕರ ವಶದಲ್ಲಿದ್ದವು. ದಾಖಲೆಗಳನ್ನು ಬೀದಿಗೆ ತಂದು ಎಲ್ಲರೂ ಓದುವಂತೆ ಮಾಡಿದ್ದೇ ಒಂದು ಬಿಡುಗಡೆ. ಗಾಡಿಯಿಂದ ಕಟ್ಟಿಗೆ ಇಳಿಸಿದಂತೆಯೇ ಇದೂ.

ಹಾಗೆಂದು ಏಪೆಸ್‌ರ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಮೊದಲನೆಯದಾಗಿ, ಗ್ರಂಥದ ಉದ್ದಕ್ಕೂ ‘ನಾನು’ ತುಸು ಹೆಚ್ಚೇ ಎತ್ತರದಲ್ಲಿ ನಿಲ್ಲುತ್ತದೆ. ಅವರು ಬರುವ ಮೊದಲೇ ಮ್ಯಾಶ್‌ಪೀಯ ಜನರು ಮನವಿಗಳನ್ನು ಬರೆಯುತ್ತಿದ್ದರು. ಕಾಗ್ನೆಹ್ಯೂರ ಸಮುದ್ರಯಾನದ ನೆನಪು ಆ ಸಮುದಾಯದ್ದೇ. ಠರಾವು, ನಿಯೋಗಗಳಲ್ಲಿ ಮುಂದೆ ನಿಂತ ಎಬನೀಜರ್ ಅಟ್ಟಾಕ್ವಿನ್, ಡೇನಿಯಲ್ ಅಮೋಸ್ ಮೊದಲಾದವರು ಗ್ರಂಥದಲ್ಲಿ ಸಹಿಗಳಾಗಿ ಉಳಿಯುತ್ತಾರೆಯೇ ಹೊರತು ಮನುಷ್ಯರಾಗಿ ನಮ್ಮ ಮುಂದೆ ಬರುವುದು ಕಡಿಮೆ. ಗಂಡಸರಲ್ಲಿ ಅನೇಕರು ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ವರ್ಷಗಟ್ಟಲೆ ದೂರವಿರುತ್ತಿದ್ದ ಊರಿನಲ್ಲಿ ಮನೆ, ಹೊಲ, ಪ್ರಾರ್ಥನೆ ಎಲ್ಲವನ್ನೂ ನಡೆಸುತ್ತಿದ್ದ ಹೆಂಗಸರ ಮಾತಂತೂ ಇಲ್ಲವೆನ್ನುವಷ್ಟು ಕಡಿಮೆ.

ಇನ್ನೊಂದು ದೋಷ ನಮಗೆ ಹೆಚ್ಚು ಗಂಭೀರವೆನಿಸುತ್ತದೆ. ಫಿಶ್‌ರ ಮಂದಿರಕ್ಕೆ ಬಾರದ ಜನರು ಧರ್ಮವಿಲ್ಲದವರಾಗಿರಲಿಲ್ಲ. ಅವರಲ್ಲಿ ಬಹಳ ಮಂದಿ ‘ಕುರುಡ ಜೋ’ ಎಂದು ಹೆಸರಾದ ಜೋಸೆಫ್ ಅಮೋಸ್ ಎಂಬ ತಮ್ಮವರೇ ಆದ ಬ್ಯಾಪ್ಟಿಸ್ಟ್ ಪ್ರಬೋಧಕನ ಸುತ್ತ ಸೇರುತ್ತಿದ್ದರು. ಕಣ್ಣಿಲ್ಲದ ಆತನಿಗೆ ಸಂಬಳವಿರಲಿಲ್ಲ, ದತ್ತಿಯಿರಲಿಲ್ಲ, ಮಂದಿರವಿರಲಿಲ್ಲ. ಕೇಳಿಸಿಕೊಂಡು ಮನನ ಮಾಡಿದ ಪವಿತ್ರ ಗ್ರಂಥವಿತ್ತು, ಜನರಿದ್ದರು. ಏಪೆಸ್‌ರು ಅವನನ್ನು ಗೌರವದಿಂದ ಹೆಸರಿಸುತ್ತಾರೆ, ನಿಜ. ಆದರೆ ತಮ್ಮ ಪ್ರಶ್ನೆಗೆ ಉತ್ತರ ಅಲ್ಲಿಯೇ, ಆ ಕುರುಡ ಪ್ರಬೋಧಕನ ಸುತ್ತ ಕುಳಿತ ಜನರಲ್ಲಿಯೇ ಇದೆ ಎಂಬುದನ್ನು ಅವರು ಪೂರ್ಣವಾಗಿ ಗ್ರಹಿಸಿದಂತೆ ಕಾಣುವುದಿಲ್ಲ. ಹೊರಗಿನಿಂದ ಬಂದ ಪ್ರವಾದಿಗೆ ಒಳಗಿನ ಪಾಲಕ ಸುಲಭವಾಗಿ ಕಾಣುವುದಿಲ್ಲವೇನೋ. ಏಪೆಸ್‌ರು ಮ್ಯಾಶ್‌ಪೀಯನ್ನು ಬಿಟ್ಟು ಹೋಗಿ 1839ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಮಂದಿರ ಮುಂದೆ ಬ್ಯಾಪ್ಟಿಸ್ಟರ ಆರಾಧನೆಗೆ ಸಂದಿತು.

ಮೂರನೆಯ ಮಾತು ಅವರ ಬೈಬಲ್ ವ್ಯಾಖ್ಯಾನದ ಬಗ್ಗೆ. ಅಮೆರಿಕದ ಮೂಲನಿವಾಸಿಗಳು ಇಸ್ರಯೇಲಿನ ಕಳೆದುಹೋದ ಕುಲಗಳವರೆಂಬ ಆ ಕಾಲದ ಊಹೆಯನ್ನು ಏಪೆಸ್‌ರು ತಮ್ಮ ಆತ್ಮಕಥೆಯ ಅನುಬಂಧದಲ್ಲಿ ಎತ್ತಿಹಿಡಿದಿದ್ದರು. ಅದಕ್ಕೆ ಆಧಾರವಿಲ್ಲ. ಅದನ್ನು ಇಂದು ಯಾರೂ ಸಮರ್ಥಿಸಬೇಕಾಗಿಯೂ ಇಲ್ಲ. ಆದರೆ ಆ ತಪ್ಪು ಊಹೆಯ ಹಿಂದಿನ ಹಸಿವನ್ನು ಗಮನಿಸಬೇಕು. ಪವಿತ್ರ ಗ್ರಂಥದಲ್ಲಿ ತಮಗೂ ಒಂದು ಹೆಸರು, ಒಂದು ವಂಶಾವಳಿ ಇರಬೇಕೆಂಬ ಹಸಿವು ಅದು. 1833ರಲ್ಲಿ ಪ್ರಕಟವಾದ ‘ಕನ್ನಡಿ’ ಎಂಬ ತಮ್ಮ ಪ್ರಸಿದ್ಧ ಲೇಖನದಲ್ಲಿ ಅವರು ಈ ಹಸಿವಿಗೆ ಹೆಚ್ಚು ಗಟ್ಟಿಯಾದ ಉತ್ತರ ಕಂಡುಕೊಂಡರು: ಯೇಸುಸ್ವಾಮಿಯಾಗಲಿ ಪ್ರೇಷಿತರಾಗಲಿ ಬಿಳಿಯರಾಗಿರಲಿಲ್ಲವೆಂದು ನೆನಪಿಸಿ, ಪ್ರತಿಯೊಂದು ಜನಾಂಗದ ಅಪರಾಧಗಳನ್ನು ಅದರ ಚರ್ಮದ ಮೇಲೆಯೇ ಬರೆದಿದ್ದರೆ ಯಾರ ಚರ್ಮ ಹೇಗೆ ಕಾಣುತ್ತಿತ್ತು ಎಂದು ಕೇಳಿದರು. ಆ ಲೇಖನವನ್ನೂ ಮ್ಯಾಶ್‌ಪೀಯ ಗ್ರಂಥವನ್ನೂ ಜೊತೆಗಿಟ್ಟು ಓದಬೇಕು.

ಗ್ರಂಥ ಹೇಳದೆ ಬಿಟ್ಟದ್ದನ್ನೂ ಇಲ್ಲಿ ಸೇರಿಸಬೇಕು, ಏಕೆಂದರೆ ಅದು 1835ರ ನಂತರ ನಡೆದದ್ದು. ಸ್ವಯಮಾಡಳಿತ ಕೊಟ್ಟ 1834ರ ಕಾನೂನು ಫಿಶ್‌ರನ್ನಾಗಲಿ ಸಭಾಮಂದಿರವನ್ನಾಗಲಿ ಮುಟ್ಟಲಿಲ್ಲ. ಕಾಡು ಜನರಿಗೆ ಮರಳಿತು, ಮಂದಿರ ಮರಳಲಿಲ್ಲ. ಮ್ಯಾಶ್‌ಪೀಯವರು ಫಿಶ್‌ರನ್ನು ಅಲ್ಲಿಂದ ತೆರವುಗೊಳಿಸಿದ್ದು 1840ರಲ್ಲಿ. ಮೇಲ್ವಿಚಾರಕರನ್ನು ಇಳಿಸಲು ಒಂದು ವರ್ಷ ಸಾಕಾಯಿತು, ಪಾಲಕನನ್ನು ಇಳಿಸಲು ಏಳು ವರ್ಷ ಬೇಕಾಯಿತು. ರಾಜ್ಯಾಧಿಕಾರಕ್ಕಿಂತ ಧರ್ಮಾಧಿಕಾರ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಲು ಹಿಂಜರಿಯಬಾರದು.

ಇನ್ನು ಈ ಗ್ರಂಥವನ್ನು ಓದದೆ ಅದರ ಜನರ ಬಗ್ಗೆ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ. 1842ರಲ್ಲಿ ಸಾಮೂಹಿಕ ಭೂಮಿಯ ಬಹುಭಾಗವನ್ನು ಕುಟುಂಬಗಳಿಗೆ ಹಂಚಲಾಯಿತು. 1870ರಲ್ಲಿ ರಾಜ್ಯವು ಮ್ಯಾಶ್‌ಪೀಯನ್ನು ಸಾಮಾನ್ಯ ಪಟ್ಟಣವಾಗಿ ಮಾರ್ಪಡಿಸಿತು. 1665ರ ಭೂಪತ್ರದ ರಕ್ಷಣೆ ಅಲ್ಲಿಗೆ ಕಳಚಿತು. ಒಂದು ಶತಮಾನದ ನಂತರ ಕಡಲತೀರದ ಮನೆನಿವೇಶನಗಳ ವ್ಯಾಪಾರ ಊರನ್ನು ನುಂಗತೊಡಗಿದಾಗ, 1976ರಲ್ಲಿ ವಾಂಪನೋಗರು ಒಕ್ಕೂಟದ ನ್ಯಾಯಾಲಯಕ್ಕೆ ಹೋದರು. ಒಕ್ಕೂಟದ ಅನುಮತಿಯಿಲ್ಲದೆ ಬುಡಕಟ್ಟಿನ ನೆಲ ಪರಭಾರೆಯಾಗಕೂಡದೆಂದು 1790ರ ಕಾನೂನು ಹೇಳುತ್ತದೆ ಎಂಬುದು ಅವರ ವಾದ. ನೆಲದ ಪ್ರಶ್ನೆಗೆ ಮೊದಲು ಬೇರೊಂದು ಪ್ರಶ್ನೆ ಎದುರಾಯಿತು: ನೀವು ನಿಜವಾಗಿಯೂ ಬುಡಕಟ್ಟೇ? 1977ರ ಅಕ್ಟೋಬರಿನಿಂದ 1978ರ ಜನವರಿಯವರೆಗೆ ಬಾಸ್ಟನ್ನಿನಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆಯಿತು. ಇವರ ಪೂರ್ವಜರು ಮತಾಂತರಗೊಂಡ ಕ್ರೈಸ್ತರ ಒಂದು ಸಮುದಾಯ, ಬುಡಕಟ್ಟಲ್ಲ ಎಂಬ ನಿಲುವು ಪ್ರತಿವಾದಿಗಳ ಕಡೆಯಿಂದ ಬಂದಿತು. ಜ್ಞಾನಸ್ನಾನವು ಕಣ್ಮರೆಯ ಸಾಕ್ಷ್ಯವಾಗಿ ನ್ಯಾಯಾಲಯದಲ್ಲಿ ಹಾಜರಾಯಿತು. ಜ್ಯೂರಿಯ ಉತ್ತರ ವಿಲಕ್ಷಣವಾಗಿತ್ತು: ಮ್ಯಾಶ್‌ಪೀಯವರು 1790ರಲ್ಲಿ ಬುಡಕಟ್ಟಾಗಿರಲಿಲ್ಲ, 1834ರಲ್ಲೂ 1842ರಲ್ಲೂ ಆಗಿದ್ದರು, 1869ರಲ್ಲಿ, 1870ರಲ್ಲಿ, 1976ರಲ್ಲಿ ಆಗಿರಲಿಲ್ಲ. ಮೊಕದ್ದಮೆ ಬಿದ್ದುಹೋಯಿತು.

ಈ ವಿಚಾರಣೆಯನ್ನು ಕಣ್ಣಾರೆ ಕಂಡ ಜೇಮ್ಸ್ ಕ್ಲಿಫರ್ಡ್ ಎಂಬ ವಿದ್ವಾಂಸರು 1988ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಕೊನೆಯಲ್ಲಿ ಅದನ್ನು ಕುರಿತು ದೀರ್ಘ ಪ್ರಬಂಧ ಬರೆದಿದ್ದಾರೆ. ಸಂಸ್ಕೃತಿಯೆಂದರೆ ಮುರಿಯದೆ ಹರಿಯುವ ಒಂದೇ ಧಾರೆ ಎಂಬ ಕಲ್ಪನೆಯೇ ಮ್ಯಾಶ್‌ಪೀಯವರನ್ನು ಸೋಲಿಸಿತೆಂದು ತೋರಿಸಿದ ಅವರಿಗೆ ನಾವು ಋಣಿಗಳು. ಆದರೆ ಮಾನವಶಾಸ್ತ್ರದ ಅಳತೆಗೋಲಿನಲ್ಲಿ ಧರ್ಮವು ಗುರುತಿನ ಅನೇಕ ಸಾಮಗ್ರಿಗಳಲ್ಲಿ ಒಂದು. ವಿಶ್ವಾಸದ ಒಳಗಿನ ತರ್ಕವನ್ನು ಬಿಡಿಸುವುದು ಅದರ ಕೆಲಸವಲ್ಲ. ಆ ಕೆಲಸ ನಮ್ಮದು. ಜ್ಯೂರಿ ‘ಹೌದು’ ಎಂದ ಎರಡು ತೇದಿಗಳ ಪೈಕಿ ಒಂದು ಏಪೆಸ್‌ರ ಹೋರಾಟ ಫಲ ಕೊಟ್ಟ ವರ್ಷದ್ದು. ಮ್ಯಾಶ್‌ಪೀಯವರು ಒಂದು ಜನಾಂಗವೆಂದು ಹೊರಗಿನವರಿಗೂ ನಿಚ್ಚಳವಾಗಿ ಕಂಡ ಆ ಕಾಲದಲ್ಲಿಯೇ ಅವರು ತಮ್ಮ ಸಭಾಪಾಲಕನ ವಿಷಯವಾಗಿ, ತಮ್ಮ ಮಂದಿರದ ವಿಷಯವಾಗಿ, ಕ್ರೈಸ್ತರಾಗಿ ಜಗಳವಾಡುತ್ತಿದ್ದರು. ವಿಶ್ವಾಸ ಅವರನ್ನು ಕರಗಿಸಿತೆಂಬ ವಾದಕ್ಕೆ ಏಪೆಸ್‌ರ ಗ್ರಂಥವೇ ಎದುರುಸಾಕ್ಷಿ. ನಾಬೋತನು ತನ್ನ ದ್ರಾಕ್ಷಾತೋಟವನ್ನು ಅರಸನಿಗೆ ಮಾರಲು ಒಲ್ಲೆನೆಂದದ್ದು ಅವನು ಇಸ್ರಯೇಲಿನ ದೇವರನ್ನು ನಂಬಿದ್ದರಿಂದಲೇ, ಆ ನಂಬಿಕೆ ಇದ್ದಾಗ್ಯೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಫಿಶ್‌ರು, ಹಾರ್ವರ್ಡ್, ಬಾಸ್ಟನ್ನಿನ ಶಾಸಕರು ಇವರೆಲ್ಲ ಪ್ರಾಟೆಸ್ಟೆಂಟರು, ನಮಗೂ ಇದಕ್ಕೂ ಏನು ಸಂಬಂಧ ಎಂಬ ನೆಮ್ಮದಿ ಕಥೋಲಿಕ ಓದುಗರಿಗೆ ಸಲ್ಲದು. ಏಪೆಸ್‌ರು ಮ್ಯಾಶ್‌ಪೀಗೆ ಬರುವ ಹತ್ತು ವರ್ಷ ಮೊದಲು, 1823ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ನೆಲವನ್ನು ‘ಕಂಡುಹಿಡಿದ’ ಕ್ರೈಸ್ತ ರಾಷ್ಟ್ರಕ್ಕೇ ಅದರ ಪರಮಸ್ವಾಮ್ಯವೆಂದು ಸಾರಿತು. ಆ ವಿಚಾರದ ಬೇರುಗಳನ್ನು 1452, 1455, 1493ರ ಜಗದ್ಗುರುಗಳ ಆಜ್ಞಾಪತ್ರಗಳಲ್ಲಿ ಗುರುತಿಸಲಾಗುತ್ತದೆ. ಆ ‘ಸಿದ್ಧಾಂತ’ ಧರ್ಮಸಭೆಯ ಬೋಧನೆಯ ಭಾಗವಲ್ಲವೆಂದು ವ್ಯಾಟಿಕನ್ ಸ್ಪಷ್ಟವಾಗಿ ತಿರಸ್ಕರಿಸಿದ್ದು 2023ರ ಮಾರ್ಚ್ 30ರಂದು. ತಡವಾಗಿಯಾದರೂ ಬಂದ ಮಾತು ಅದು. ನಮ್ಮ ಧರ್ಮಕೇಂದ್ರಗಳಲ್ಲಿ ಅದನ್ನು ಎಷ್ಟು ಮಂದಿ ಓದಿದ್ದೇವೆ ಎಂಬುದು ಬೇರೆ ಪ್ರಶ್ನೆ.

ಪಡೆದವರು ಪಡೆದದ್ದನ್ನು ಏನು ಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಇನ್ನೊಂದು ಉದಾಹರಣೆಯನ್ನು ಹೇಳಿ ಮುಂದೆ ಹೋಗುತ್ತೇವೆ. 1629ರ ಮ್ಯಾಸಚೂಸೆಟ್ಸ್ ವಸಾಹತಿನ ಮುದ್ರೆಯಲ್ಲಿ ಒಬ್ಬ ಮೂಲನಿವಾಸಿಯ ಚಿತ್ರವಿದೆ. ಪ್ರೇಷಿತರ ಕಾರ್ಯಕಲಾಪಗಳ ಹದಿನಾರನೆಯ ಅಧ್ಯಾಯದಲ್ಲಿ ಮಕೆದೋನಿಯದವನು ಪೌಲನಿಗೆ ಮಾಡುವ ನೆರವಿನ ಮೊರೆಯನ್ನು ಅವನ ಬಾಯಿಗೆ ತುರುಕಲಾಗಿದೆ. ಆ ಮೊರೆಗೆ ಓಗೊಟ್ಟವರಂತೆ ಜಾನ್ ಎಲಿಯಟ್‌ರು 1663ರಲ್ಲಿ ಇಡೀ ಬೈಬಲನ್ನು ಅಲ್ಲಿಯ ಭಾಷೆಗೆ ತಂದರು. ಅಮೆರಿಕ ಖಂಡದಲ್ಲಿ ಅಚ್ಚಾದ ಮೊದಲ ಸಂಪೂರ್ಣ ಬೈಬಲ್ ಅದೇ. ಎಲಿಯಟ್‌ರ ಹೆಸರು ಎಲ್ಲರಿಗೂ ಗೊತ್ತು. ಭಾಷಾಂತರದಲ್ಲಿ ಹೆಗಲು ಕೊಟ್ಟ ಜಾಬ್ ನೆಸೂಟನ್, ಮೊಳೆ ಜೋಡಿಸಿದ ಜೇಮ್ಸ್ ಪ್ರಿಂಟರ್ ಎಂಬ ಮೂಲನಿವಾಸಿಗಳ ಹೆಸರು ಅಷ್ಟಾಗಿ ಗೊತ್ತಿಲ್ಲ. ಆ ಬೈಬಲಿನ ಪ್ರತಿಗಳ ಅಂಚುಗಳಲ್ಲಿ ಜನರು ತಮ್ಮ ಭಾಷೆಯಲ್ಲಿ ತಮ್ಮ ಮಾತುಗಳನ್ನು ಬರೆದುಕೊಂಡರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಡುವವರಿಲ್ಲದೆ ಭಾಷೆ ಮೌನವಾಯಿತು. 1993ರಲ್ಲಿ ಮ್ಯಾಶ್‌ಪೀಯ ಜೆಸ್ಸಿ ಲಿಟಲ್ ಡೋ ಬೇರ್ಡ್ ಅವರು ಅದನ್ನು ಎಬ್ಬಿಸುವ ಕೆಲಸಕ್ಕೆ ಕೈಹಾಕಿದಾಗ ಅವರಿಗೆ ದೊರೆತ ಮುಖ್ಯ ಆಕರಗಳಲ್ಲಿ ಎಲಿಯಟ್‌ರ ಬೈಬಲೂ ಒಂದು, ಪೂರ್ವಜರ ಭೂಪತ್ರಗಳೂ ಪತ್ರಗಳೂ ಇನ್ನೊಂದು. ಜನರನ್ನು ಬೇರೆಯವರನ್ನಾಗಿಸಲು ತಂದ ಪುಸ್ತಕದಿಂದ ಅವರು ತಮ್ಮ ನುಡಿಯನ್ನು ಹಿಂದಕ್ಕೆ ಪಡೆದರು. 2016ರಿಂದ ಮ್ಯಾಶ್‌ಪೀಯಲ್ಲಿ ಚಿಕ್ಕ ಮಕ್ಕಳು ಆ ಭಾಷೆಯಲ್ಲೇ ಕಲಿಯುವ ಶಾಲೆಯೊಂದು ನಡೆಯುತ್ತಿದೆ. ಬುಡಕಟ್ಟಿಗೆ ಒಕ್ಕೂಟ ಸರ್ಕಾರದ ಮನ್ನಣೆಯೂ 2007ರಲ್ಲಿ ದೊರೆಯಿತು, ಆದರೆ ನೆಲದ ವ್ಯಾಜ್ಯ ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು.

ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ ನಾವು ಸುವಾರ್ತೆಯು ಸ್ಥಳೀಯ ಸಂಸ್ಕೃತಿಯಲ್ಲಿ ಬೇರೂರುವುದರ ಬಗ್ಗೆ ಧಾರಾಳವಾಗಿ ಮಾತನಾಡುತ್ತೇವೆ. ಆರತಿ, ಭಜನೆ, ವಾಸ್ತುಶೈಲಿ, ಉಡುಪು ಇವುಗಳ ಚರ್ಚೆಯಲ್ಲಿ ನಮ್ಮ ಉತ್ಸಾಹ ಹೆಚ್ಚು. ಬೇರೂರಿಸುವವರು ಯಾರು, ಬೇರೂರಿತೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು ಎಂಬಲ್ಲಿ ಮಾತು ಮೆಲ್ಲಗಾಗುತ್ತದೆ. ನಾವು ಗುರುದೀಕ್ಷೆ ಪಡೆದ ಆರಂಭದ ವರ್ಷಗಳಲ್ಲಿ ಚಿಕ್ಕದೊಂದು ಧರ್ಮಕೇಂದ್ರದ ಹೊಣೆ ಹೊತ್ತಿದ್ದೆವು. ಹಬ್ಬ ಮುಗಿದ ಮೇಲೆ ಇಬ್ಬರು ಹಿರಿಯರು ಬಂದು, “ಸ್ವಾಮಿ, ಖರ್ಚುವೆಚ್ಚದ ಪುಸ್ತಕ ಒಮ್ಮೆ ತೋರಿಸ್ತೀರಾ?” ಎಂದು ಕೇಳಿದರು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕೇಳಿದ್ದೇ ತಪ್ಪೆಂದು ನಮಗೆ ಅನಿಸಿತ್ತು. ನಾಳೆ ಬನ್ನಿ ಎಂದು ಹೇಳಿ ಕಳುಹಿಸಿದೆವು. ಅವರು ಮತ್ತೆ ಕೇಳಲಿಲ್ಲ. ಏಪೆಸ್‌ರನ್ನು ಓದುವಾಗ ನಮಗೆ ಫಿಶ್‌ರ ಮುಖ ಕಲ್ಪಿಸಿಕೊಳ್ಳಲು ಹೆಚ್ಚು ಕಷ್ಟವಾಗಲಿಲ್ಲ.

ಈ ಗ್ರಂಥದ ಆಯ್ದ ಭಾಗಗಳನ್ನು ನಾವು ತರಗತಿಯಲ್ಲಿ ಓದಿಸಿದಾಗ ವಿದ್ಯಾರ್ಥಿಯೊಬ್ಬರು ಎದ್ದು, “ಫಾದರ್, ಫಿಶ್ ಮಾಡಿದ ತಪ್ಪಾದರೂ ಏನು? ಅವರು ಪ್ರತಿ ಭಾನುವಾರ ಆರಾಧನೆ ನಡೆಸುತ್ತಿದ್ದರಲ್ಲ?” ಎಂದು ಕೇಳಿದರು. ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಏಪೆಸ್‌ರು ಪ್ರಬೋಧನಾಪೀಠದಿಂದ ಸಭೆಯನ್ನು ನೋಡುವ ಆ ಪುಟವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದುವಂತೆ ನಾವು ಅವರಿಗೇ ಹೇಳಿದೆವು.